ಮಣ್ಣೆತ್ತಿಗೆ ಸಪ್ಪಳಿಲ್ಲದ ಗಾಳಿ

ಯಂತ್ರಗಳಿಗೂ ನನಗೂ ಹಿಂದಿನ ಜನ್ಮದ ಏನೋ ಸಂಬಂಧ ಇರಬೇಕು, ಇಲ್ಲದಿದ್ದರೆ ಊರಲ್ಲಿ ಇಷ್ಟು ಜನ ಇರುವಾಗ ಇಂಥ ಫಜೀತಿಗಳೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತಿರಲಿಲ್ಲ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಸೇಡಂ ಕಡೆಯ ನಮ್ಮ ಹಳ್ಳಿಯಲ್ಲಿ ಹಿಟ್ಟಿನ ಗಿರಣಿ ಕೆಟ್ಟರೆ ಮಿಸ್ತ್ರಿಗಿಂತ ಮೊದಲು ನನ್ನನ್ನು ಕರೆಯುತ್ತಿದ್ದರು. ನಾನು ಹೊಲದ ಬದುವಿನ ಮೇಲೆ ನಿಂತೇ ಕಿವಿಗೊಟ್ಟು, "ಪಟ್ಟಾ ಸಡ್ಲ ಆಗೈತಿ, ಬಿಗಿ ಮಾಡ್ರಿ" ಅನ್ನುತ್ತಿದ್ದೆ. ಅಂಥ ಕಿವಿ ನಂದು. ಆ ಕಿವಿ ಹೊತ್ತುಕೊಂಡೇ ಹೈದರಾಬಾದಿಗೆ ಬಂದು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆದೆ. ಅದೇ ಕಿವಿಯಿಂದಾಗಿ ಒಂದು ಬೇಸಿಗೆಯಲ್ಲಿ ಇದ್ದ ಒಂದು ರೂಮೂ ಕೈಬಿಡುವ ಹೊತ್ತು ಬಂದಿತ್ತು.

೧. ಕಾಲಲ್ಲಿ ಗಾಳಿ, ಕೈಯಲ್ಲಿ ಬಣ್ಣ

ನನಗೆ ಬೀಡಿ ಇಲ್ಲ, ಇಸ್ಪೀಟು ಇಲ್ಲ. ಇರುವುದು ಒಂದೇ ಚಟ, ಮಣ್ಣೆತ್ತಿಗೆ ಬಣ್ಣ ಹಚ್ಚುವುದು. ನಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆ ದಿನ ಮಣ್ಣಿನ ಜೋಡಿ ಎತ್ತು ಮಾಡಿ ಪೂಜೆ ಮಾಡದ ಮನೆ ಇಲ್ಲ. ಉಳಿದವರು ಸುಣ್ಣ ಬಳಿದು ಕೊಂಬಿಗಿಷ್ಟು ಕೆಂಪು ಮೆತ್ತಿ ಕೈ ತೊಳೆದುಕೊಳ್ಳುತ್ತಾರೆ. ನಾನು ಅಷ್ಟಕ್ಕೆ ಬಿಡುವವನಲ್ಲ. ನಿಜವಾದ ಎತ್ತಿನ ಡುಬ್ಬದ ಮೇಲೆ ಬಿಳುಪು ಎಲ್ಲಿ ಮುಗಿದು ಬೂದು ಎಲ್ಲಿ ಶುರುವಾಗುತ್ತದೆ ಅಂತ ಯಾರೂ ಬೊಟ್ಟಿಟ್ಟು ತೋರಿಸಲಾರರು. ಬೆಳಗಿನ ಮಂಜು ತೊಗರಿ ಹೊಲದ ಮೇಲೆ ಇಳಿದ ಹಾಗೆ, ಇದ್ದೂ ಇಲ್ಲದ ಹಾಗೆ ಇರುತ್ತದೆ ಅದು. ಕುಂಚಕ್ಕೆ ಅದು ಒಲಿಯುವುದಿಲ್ಲ.

ಒಂದು ದಿನ ಹೆದ್ದಾರಿ ಬದಿ ಲಾರಿಗಳಿಗೆ ಬಣ್ಣ ಹೊಡೆಯುವ ಶೆಡ್ಡಿನಲ್ಲಿ ಒಬ್ಬ ಕೆಲಸಗಾರನನ್ನು ಕಂಡೆ. ಕೈಯಲ್ಲಿ ಪೆನ್ನಿನಷ್ಟೇ ಗಾತ್ರದ ಒಂದು ಪುಟ್ಟ ಬಂದೂಕು, ಅದರ ಬಾಯಿಂದ ಬಣ್ಣ ಹೊಗೆಯಂತೆ ಹೊರಡುತ್ತಿತ್ತು. ಲಾರಿಯ ಹಿಂಬದಿಯಲ್ಲಿ ಒಂದು ಸೂರ್ಯಾಸ್ತ ತಾನಾಗಿಯೇ ಮೂಡುತ್ತಿತ್ತು. ಏರ್‌ಬ್ರಷ್ ಅಂತೆ. ಆಮೇಲೆ ಒಂದು ವಾರ ನಾನು ಓಡಾಡಿದ್ದೆಲ್ಲ ಆ ಬಣ್ಣದ ಮಂಜಿನೊಳಗೇ. ಎದುರಿಗೆ ಬಂದ ಎಮ್ಮೆ, ಆಟೋ, ಸೂಪರ್‌ವೈಸರ್, ಎಲ್ಲರ ಅಂಚೂ ಮಸುಕಾಗಿ ಸುಂದರವಾಗಿ ಕಾಣುತ್ತಿತ್ತು.

ಏರ್‌ಬ್ರಷ್ ಕೊಂಡೆ. ತಂದ ಮೇಲೆ ಗೊತ್ತಾಯಿತು, ಅದಕ್ಕೆ ಗಾಳಿ ಬೇಕು. ಸೈಕಲ್ಲಿಗೆ ಗಾಳಿ ಹಾಕುವ ಕಾಲು ಪಂಪು ಜೋಡಿಸಿದೆ. ರೂಮಿನ ಮುಂದಿನ ಮಾಳಿಗೆಯ ಮೇಲೆ ಎತ್ತು ಇಟ್ಟು, ಬಲಗಾಲಲ್ಲಿ ಪಂಪು ತುಳಿಯುತ್ತ, ಕೈಯಲ್ಲಿ ಬಣ್ಣ ಬಿಡುತ್ತ, ಅರ್ಧ ಕಣ್ಣು ಮುಚ್ಚಿ ಮೈಮರೆತೆ. ಎಷ್ಟು ಹೊತ್ತಾಗಿತ್ತೋ, ಕಣ್ಣು ಬಿಟ್ಟರೆ ಮನೆ ಮಾಲಕರ ಹೆಂಡತಿ ಕಾಕು ಸಂಡಿಗೆ ಒಣಹಾಕಲು ಬಂದವರು, ತಾಟು ಕೆಳಗಿಟ್ಟು ಕೈ ಮುಗಿದು ನಿಂತಿದ್ದಾರೆ.

"ನಿಮ್ಮ ಊರಾಗ ಪೂಜಿ ಕುಣಕೋತ ಮಾಡ್ತಾರೇನೋ ತಮ್ಮಾ?"

"ಪೂಜಿ ಅಲ್ರೀ ಕಾಕು. ಗಾಳಿ ಹಾಕಾಕತ್ತೀನಿ."

"ಯಾತಕ್ಕ?"

"ಎತ್ತಿಗ್ರೀ."

ಕಾಕು ತಾಟು ಎತ್ತಿಕೊಂಡರು. ಕೆಳಗೆ ಹೋಗಿ ಗಂಡನಿಗೆ ಹೇಳಿದ್ದು ನನಗೆ ಸ್ಪಷ್ಟ ಕೇಳಿಸಿತು: "ಹುಡುಗ ಒಳ್ಳೇಂವ ಅದಾನ್ರೀ. ಆದ್ರ ಎತ್ತು ಪಂಕ್ಚರ್ ಆಗ್ಯಾವ ಅಂತಾನ."

೨. ಬಜಾರಿನಲ್ಲಿ ಪಾರಿವಾಳ, ಮನೆಯಲ್ಲಿ ಬೋರ್‌ವೆಲ್

ಮಾಲಕರ ವಿಷಯ ಇಲ್ಲಿ ಹೇಳಲೇಬೇಕು. ಅವರನ್ನು ನಾನು ಕಾಕಾ ಅನ್ನುತ್ತೇನೆ. ಹಿರಿಯರ ಕಾಲಕ್ಕೇ ಬೀದರ ಕಡೆಯಿಂದ ಬಂದ ಮನೆತನ. ಆಂಧ್ರಪ್ರದೇಶ ಸರಕಾರದ ನೌಕರಿ ಮುಗಿಸಿ, ಶಾಂತಿ ಬೇಕು ಅಂತ ಊರಿನ ತುದಿ ಹುಡುಕಿ ಮಿಯಾಪುರದಲ್ಲಿ ಮನೆ ಕಟ್ಟಿದವರು. ಬ್ಯಾಚಲರ್ ಹುಡುಗರಿಗೆ ಈ ಪಟ್ಟಣದಲ್ಲಿ ರೂಮು ಸಿಗುವುದು ಎಷ್ಟು ಕಷ್ಟ ಅಂತ ಅಲೆದವರಿಗೇ ಗೊತ್ತು. ಮೂರು ತಿಂಗಳು ತಿರುಗಿದರೂ ನನ್ನ ಹೆಸರಿಗಿಂತ ಮೊದಲು ಮದುವೆ ಕೇಳಿ ಬಾಗಿಲು ಹಾಕಿದವರೇ ಎಲ್ಲ. ಕಾಕಾ ಮಾತ್ರ ನನ್ನ ಕನ್ನಡ ಕೇಳಿ ಕರಗಿ ಮೇಲಿನ ರೂಮು ಕೊಟ್ಟರು. ಒಂದೇ ಷರತ್ತು: ಮಧ್ಯಾಹ್ನ ಊಟವಾದ ಮೇಲೆ ಅವರು ಮಲಗುತ್ತಾರೆ, ಆಗ ಸಪ್ಪಳ ಕೂಡದು. ನನಗೋ, ಬೆಳಗಿನ ಪಾಳಿ ಮುಗಿದು ಬಿಡುವಾಗುವುದೇ ಆ ಹೊತ್ತಿಗೆ.

ಹಾಗಾಗಿ ಸದ್ದು ಮಾಡದ ಕಂಪ್ರೆಸರ್ ಬೇಕಾಯಿತು. ರಾಣಿಗಂಜಿನ ಯಂತ್ರಗಳ ಬಜಾರಿಗೆ ಹೋದೆ. ಅಂಗಡಿಯ ಸೇಠ್ ಒಂದೊಂದನ್ನೇ ಚಾಲೂ ಮಾಡಿ ತೋರಿಸಿದ. ನಾನು ಕಣ್ಣು ಮುಚ್ಚಿ, ತಲೆ ವಾಲಿಸಿ, ನಮ್ಮೂರ ಗಿರಣಿಗೆ ಕೊಡುತ್ತಿದ್ದ ಕಿವಿಯನ್ನು ಕೊಟ್ಟೆ. ಪಕ್ಕದಲ್ಲಿ ಕಬ್ಬಿಣ ಬಡಿಯುತ್ತಿದ್ದರು, ಎದುರಿಗೆ ಲಾರಿಯೊಂದು ಹಿಂದೆ ಸರಿಯುತ್ತ ಹಾರ್ನು ಹೊಡೆಯುತ್ತಿತ್ತು. ಮೂರನೆಯ ಯಂತ್ರ ಮಾತ್ರ ಪಾರಿವಾಳ ಗುಟುರಿದ ಹಾಗೆ ಮೆಲ್ಲಗಿತ್ತು.

"ಇದೇ ಬೇಕು," ಅಂದೆ.

"ಸ್ವಲ್ಪ ಆವಾಜ್ ಇದೆ ಮಿಯಾ," ಅಂದ ಸೇಠ್. ಪ್ರಾಮಾಣಿಕ ಮನುಷ್ಯ.

"ನಿನಗೇನು ಗೊತ್ತು, ನನ್ನ ಕಿವಿ ಬೇರೆ ಥರದ್ದು," ಅಂತ ನನಗೆ ಬರುವ ಹಿಂದಿಯಲ್ಲೇ ಬಾಯಿ ಮುಚ್ಚಿಸಿದೆ.

ಮನೆಗೆ ತಂದೆ. ಮಧ್ಯಾಹ್ನ. ಮಿಯಾಪುರದಲ್ಲಿ ಎಲೆ ಬಿದ್ದರೂ ಕೇಳುವ ಹೊತ್ತು. ಎತ್ತು ಇಟ್ಟು, ಬಿಳಿ ಬಣ್ಣ ತುಂಬಿ, ಮಂಜು ಇಳಿಯುವುದನ್ನು ಮನಸ್ಸಿನಲ್ಲೇ ನೋಡುತ್ತ ಗುಂಡಿ ಒತ್ತಿದೆ. ಆ ಪಾರಿವಾಳ ಒಮ್ಮೆಲೇ ಒದರಿತು. ಒದರುತ್ತ ನೆಲದ ಮೇಲೆ ತಾನೇ ನಡೆಯತೊಡಗಿತು. ನಾನು ಹಿಂದೆ ಓಡಿದೆ. ಕೆಳಗೆ ಅಡಿಗೆಮನೆಯ ಹಲಗೆಯಿಂದ ಡಬ್ಬಿಗಳು ಉರುಳಿದವು. ಅದರ ಹಿಂದೆಯೇ ಧೋತರದ ಚುಂಗು ಕೈಯಲ್ಲಿ ಹಿಡಿದು ಕಾಕಾ ಮೇಲೆ ಬಂದರು.

"ಏನೋ ತಮ್ಮಾ, ಮಾಳಗಿ ಮ್ಯಾಲೆ ಬೋರ್ ಹೊಡಸ್ಲಿಕತ್ತೀಯೇನು? ನೀರು ಬಿತ್ತೋ?"

"ಇಲ್ರೀ ಕಾಕಾ, ಎತ್ತಿಗೆ ಬಣ್ಣ..."

"ಅಮಾಸಿ ತನಕ ಟೈಮು. ಸಪ್ಪಳಿಲ್ಲದ ಮಷೀನು ತರ್ತಿ, ಇಲ್ಲಾ ರೂಮು ಖಾಲಿ ಮಾಡ್ತಿ. ನೀನ ನೋಡು."

ಮರುದಿನ ಯಂತ್ರ ಹೊತ್ತು ಮತ್ತೆ ರಾಣಿಗಂಜಿಗೆ ಹೋಗಿ ಜಗಳ ತೆಗೆದೆ. ಸೇಠ್ ಅಲ್ಲೇ ಚಾಲೂ ಮಾಡಿದ. ಮತ್ತೆ ಪಾರಿವಾಳ! "ಇಲ್ಲಿ ಸುಮ್ಮನಿರುತ್ತದೆ, ಮನೆಯಲ್ಲಿ ಒದರುತ್ತದೆ," ಅಂದೆ. ಸೇಠ್ ಗಡ್ಡ ಕೆರೆದು ಭಾಳ ಹೊತ್ತು ವಿಚಾರ ಮಾಡಿ ಹೇಳಿದ: "ಮಷೀನಿನಲ್ಲಿ ಖರಾಬಿ ಇಲ್ಲ ಮಿಯಾ. ನಿನ್ನ ಮನೆಯಲ್ಲಿ ಖರಾಬಿ ಇದೆ. ಈ ಗಲ್ಲಿಯಲ್ಲೇ ಒಂದು ರೂಮು ಖಾಲಿ ಇದೆ, ಬಂದುಬಿಡು."

೩. ಗಾಳಿಗೂ ಒಂದು ಟಿಕೀಟು

ತಾನಾಗಿಯೇ ಕರೆದು ಬ್ಯಾಚಲರ್‌ಗೆ ರೂಮು ಕೊಡುತ್ತೇನೆಂದ ಮೊದಲ ಮನುಷ್ಯ ಅವನು, ಆದರೂ ನಾನು ಬಗ್ಗಲಿಲ್ಲ. ತಲೆ ಓಡಿಸಿದೆ. ಸಪ್ಪಳ ಮಾಡುವುದು ಯಂತ್ರ, ಗಾಳಿಯಲ್ಲ. ಹಾಗಾದರೆ ಸಪ್ಪಳವನ್ನು ಎಲ್ಲೋ ಬಿಟ್ಟು ಗಾಳಿಯನ್ನಷ್ಟೇ ಮನೆಗೆ ತಂದರೆ? ಇಂಥ ವಿಚಾರ ಪಟ್ಟಣದಲ್ಲಿ ಹುಟ್ಟಿ ಬೆಳೆದವರಿಗೆ ಹೊಳೆಯುವುದಿಲ್ಲ, ಬರೆದಿಟ್ಟುಕೊಳ್ಳಿ.

ಕಾರ್ಖಾನೆಯ ಹತ್ತಿರ ಪಟಾನ್‌ಚೆರುವಿನಲ್ಲಿ ಲಾರಿಗಳ ಪಂಕ್ಚರ್ ಅಂಗಡಿ ಇತ್ತು. ನನ್ನ ಒದರುವ ಪಾರಿವಾಳವನ್ನು ಅವನಿಗೆ ಕೊಟ್ಟೆ. ಬದಲಿಗೆ ಅವನು ಲಾರಿಯ ಒಂದು ದೊಡ್ಡ ಟ್ಯೂಬು ಕೊಟ್ಟು, ಬಂದಾಗಲೆಲ್ಲ ಗಾಳಿ ಹಾಕಿಕೊಡುತ್ತೇನೆ ಅಂದ. ಉಬ್ಬಿದ ಟ್ಯೂಬನ್ನು ಹೆಗಲಿಗೆ ಹಾರದಂತೆ ಹಾಕಿಕೊಂಡು ಮಿಯಾಪುರದ ಬಸ್ಸು ಹತ್ತಿದೆ. ಬಾಗಿಲಲ್ಲಿ ನಾನು ಹೊಕ್ಕೆ, ಟ್ಯೂಬು ಹೊಗಲಿಲ್ಲ. ಹಿಂದಿನವರು ಒಂದು ಗುದ್ದು ಕೊಟ್ಟ ಮೇಲೆ ಇಬ್ಬರೂ ಒಟ್ಟಿಗೆ ಒಳಗೆ ಬಿದ್ದೆವು.

ಕಂಡಕ್ಟರ್ ನೋಡಿದ. "ಏಮಯ್ಯಾ, ಇದಕ್ಕೆ ಟಿಕೀಟು ತಗೋ."

"ಯಾಕೆ? ಇದರಲ್ಲಿ ಏನೂ ಇಲ್ಲ, ಬರೇ ಗಾಳಿ," ಅಂದೆ.

"ಬಸ್ಸಿನಲ್ಲಿರುವ ಗಾಳಿ ಪುಕ್ಕಟೆ. ರಬ್ಬರಿನಲ್ಲಿ ಕಟ್ಟಿಕೊಂಡು ಬಂದರೆ ಅದು ಸಾಮಾನು," ಅಂದ ಅವನು, ತೆಲುಗಿನಲ್ಲಿ, ನ್ಯಾಯಾಧೀಶನ ಗತ್ತಿನಲ್ಲಿ. ಬಸ್ಸು ಎರಡು ಪಕ್ಷವಾಯಿತು. ಕಿಟಕಿ ಬದಿಯ ಮುದುಕನೊಬ್ಬ, "ಇಲ್ಲೇ ಬಿಚ್ಚಿಬಿಡಪ್ಪಾ, ನಮಗೂ ಸೆಕೆ," ಅಂದ. ಕೊನೆಗೆ ಅದಕ್ಕೂ ಟಿಕೀಟು ತೆಗೆದುಕೊಂಡೆ.

ಆ ಮಧ್ಯಾಹ್ನಗಳನ್ನು ಮಾತ್ರ ನಾನು ಮರೆಯಲಾರೆ. ಟ್ಯೂಬಿನಲ್ಲಿ ಒತ್ತಡ ಸಾಲುತ್ತಿರಲಿಲ್ಲವಾದ್ದರಿಂದ ಅದರ ಮೇಲೆ ನಾನೇ ಮೈಚೆಲ್ಲಿ ಮಲಗುತ್ತಿದ್ದೆ. ನನ್ನ ಭಾರಕ್ಕೆ ಗಾಳಿ ಹೊರಡುತ್ತಿತ್ತು, ಗಾಳಿಯ ಜೊತೆ ಬಣ್ಣ ಹೊರಡುತ್ತಿತ್ತು. ಕೆರೆಯ ನಡುವೆ ಹರಗೋಲಿನಲ್ಲಿ ಮಲಗಿದ ಹಾಗೆ ತೂಗುತ್ತ, ಎತ್ತಿನ ಡುಬ್ಬ ಮೆಲ್ಲಗೆ ಬೆಳಗಾಗುವುದನ್ನು ನೋಡುತ್ತ, ನಾನೂ ಕೂದಲೆಳೆಯಷ್ಟು ಕೂದಲೆಳೆಯಷ್ಟು ಕೆಳಗಿಳಿಯುತ್ತಿದ್ದೆ. ಎತ್ತಿನ ಕುತ್ತಿಗೆಯವರೆಗೆ ಬರುವಷ್ಟರಲ್ಲಿ ನನ್ನ ಬೆನ್ನು ನೆಲಕ್ಕೆ ತಾಗುತ್ತಿತ್ತು. ಒಂದು ಟ್ಯೂಬಿಗೆ ಅರ್ಧ ಎತ್ತು. ಜೋಡಿ ಮುಗಿಯಬೇಕೆಂದರೆ ನಾಲ್ಕು ಸಲ ಬಸ್ಸು. ಕಾರ್ಖಾನೆಯ ಕನ್ನಡದ ಮನೆಗಳಿಗೆಲ್ಲ ಎತ್ತು ಕೊಡುತ್ತೇನೆಂದು ಜಂಭದಿಂದ ಮಾತು ಕೊಟ್ಟಿದ್ದೆ. ಈ ಲೆಕ್ಕದಲ್ಲಿ ಅಮಾವಾಸ್ಯೆ ಬಂದು ಹೋದರೂ ಮುಗಿಯುವಂತಿರಲಿಲ್ಲ. ಟ್ಯೂಬನ್ನು ಪಂಕ್ಚರ್ ಅಂಗಡಿಗೇ ವಾಪಸು ಕೊಟ್ಟು ಒಬ್ಬನೇ ಬಸ್ಸು ಹತ್ತಿದೆ.

ಕಂಡಕ್ಟರ್ ನನ್ನ ಹಿಂದೆ ಮುಂದೆ ಹಣಕಿ ನೋಡಿದ. ಮುಖ ಬಾಡಿತು. "ಏಮಯ್ಯಾ," ಅಂದ ಮರ್ಯಾದೆಯಿಂದ, "ಇವತ್ತು ಅವರು ಬರಲಿಲ್ಲವಾ?"

೪. ಟವೆಲಿನ ಕೆಳಗೆ ಕೈ

ಕಾರ್ಖಾನೆಯ ಧಾರವಾಡದ ಗೆಳೆಯನೊಬ್ಬ ನನ್ನ ಗೋಳು ಕೇಳಿ ನಕ್ಕ. "ಲೇ ಶಾಣ್ಯಾ, ನಿಮ್ಮ ಕಾಕಾನ ಮನ್ಯಾಗ ಫ್ರಿಜ್ ಐತೇನು?"

"ಐತಿ."

"ಅದರೊಳಗೂ ಕಂಪ್ರೆಸರ್ ಇರ್ತೈತಿ. ಹಗಲೂ ರಾತ್ರಿ ನಡೀತೈತಿ. ಯಾರರೆ ಎದ್ದಾರೇನು?"

ನನಗೆ ಇದು ಮೊದಲೇ ಗೊತ್ತಿತ್ತು, ನೆನಪಾಗಿರಲಿಲ್ಲ ಅಷ್ಟೆ.

ಹಳೇ ಪಟ್ಟಣದ ಗಲ್ಲಿಯೊಂದರಲ್ಲಿ ಫ್ರಿಜ್ ರಿಪೇರಿ ಮಾಡುವ ಮುದುಕರಿದ್ದರು. ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು. ಅವರ ಅಂಗಳದ ತುಂಬ ಹಳೆಯ ಫ್ರಿಜ್ಜುಗಳು ಬಾಗಿಲು ತೆರೆದು, ಏನೋ ಕೇಳಿ ಬೆರಗಾದವರಂತೆ ನಿಂತಿದ್ದವು. ನಡುವೆ ಒಂದು ಬೇವಿನ ಮರ. ಕೆಳಗೆ ಸಾಲಾಗಿ, ಫ್ರಿಜ್ಜುಗಳಿಂದ ಬಿಚ್ಚಿದ ಕಪ್ಪು ಕಪ್ಪು ಕಂಪ್ರೆಸರ್‌ಗಳು.

ನಾನು ಕಿವಿ ಇಡಲು ಬಗ್ಗಿದೆ. ಉಸ್ತಾದ್ ನನ್ನ ತಲೆ ಹಿಡಿದು ಎತ್ತಿದರು. "ಕಿವಿ ನಕ್ಕೋ ಬೇಟಾ, ಕಿವಿ ಬೇಡ, ಅದು ಸುಳ್ಳು ಹೇಳುತ್ತದೆ," ಅಂದರು. ನನ್ನ ಕಿವಿಗೆ ಹಾಗೆ ಅಂದವರನ್ನು ಊರಲ್ಲಾಗಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ. ಅವರು ಚಹಾ ತರಿಸಿ, ಬಸಿಗೆ ಸುರಿದು, ಬಸಿಯನ್ನು ನಡೆಯುತ್ತಿರುವ ಕಂಪ್ರೆಸರಿನ ನೆತ್ತಿಯ ಮೇಲಿಟ್ಟರು. ಚಹಾದಲ್ಲಿ ಬೇವಿನ ನೆರಳು ಥರಥರ ನಡುಗಿತು. "ಇದು ಬೇಡ," ಅಂದರು. ಬಸಿಯನ್ನು ನನಗೆ ಕೊಟ್ಟರು, ಕುಡಿದೆ. ಮುಂದಿನದಕ್ಕೆ ಹೊಸ ಚಹಾ, ಮತ್ತೆ ನಡುಗುವ ಬೇವು, ಮತ್ತೆ ಕುಡಿದೆ. ಹೀಗೆ ಮಧ್ಯಾಹ್ನ ಇಳಿಯಿತು. ಆರನೆಯ ಬಸಿಯಲ್ಲಿ ಬೇವು ನಿಂತುಬಿಟ್ಟಿತು. ಒಂದೊಂದು ಎಲೆಯೂ ಎಣಿಸುವಷ್ಟು ಸ್ಪಷ್ಟ. ಎಲೆಗಳ ಸಂದಿಯಲ್ಲಿ ಅಂಗೈಯಗಲ ಆಕಾಶ, ಆಕಾಶದಲ್ಲಿ ಯಾರದೋ ಮಾಳಿಗೆಯ ಕೆಂಪು ಗಾಳಿಪಟ. ಅದು ಬಸಿಯ ಈ ಅಂಚಿನಿಂದ ಆ ಅಂಚಿಗೆ ಹಾದುಹೋಗುವವರೆಗೂ ನಾವಿಬ್ಬರೂ ಬಗ್ಗಿ ನೋಡುತ್ತಲೇ ಇದ್ದೆವು.

ಇನ್ನು ವ್ಯಾಪಾರ. ನಮ್ಮ ಕಡೆ ದನದ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರ ಕೈ ಮೇಲೆ ಟವೆಲು ಹಾಕಿ, ಕೆಳಗೆ ಬೆರಳು ಹಿಡಿದು ಒತ್ತಿ ಮುಗಿಸುತ್ತಾರೆ. ಸಪ್ಪಳಿಲ್ಲದ ಯಂತ್ರಕ್ಕೆ ಸಪ್ಪಳಿಲ್ಲದ ವ್ಯಾಪಾರವೇ ಸರಿ ಅನ್ನಿಸಿತು. ಟವೆಲಿನ ವ್ಯಾಪಾರದಲ್ಲಿ ನಾನು ಸೋತವನೇ ಅಲ್ಲ. ಹೆಗಲ ಮೇಲಿನ ಟವೆಲು ಹರಡಿ ಕೈ ಚಾಚಿದೆ. ಉಸ್ತಾದ್ ನನ್ನ ಮುಖ ನೋಡಿದರು, ಗಂಭೀರವಾಗಿ ತಮ್ಮ ಕೈಯನ್ನೂ ಟವೆಲಿನ ಕೆಳಗೆ ತಂದರು. ನಾನು ಮೂರು ಬೆರಳು ಹಿಡಿದು ಒತ್ತಿದೆ. ಅವರು ಬೆರಳು ಬಿಡಿಸಿಕೊಂಡು ನನ್ನ ಮಣಿಕಟ್ಟು ಹಿಡಿದರು. ಕಣ್ಣು ಮುಚ್ಚಿದರು. ಹಿಡಿದೇ ಇದ್ದರು. ಎಂಥ ಖದೀಮ ವ್ಯಾಪಾರಿ, ಮಣಿಕಟ್ಟಿನ ಭಾಷೆ ನಮ್ಮ ಸಂತೆಯಲ್ಲೂ ಇಲ್ಲವಲ್ಲ ಅಂತ ಒಳಗೊಳಗೇ ಬೆವೆತೆ.

ಕೊನೆಗೆ ಟವೆಲು ತೆಗೆದು ನನ್ನ ಹೆಗಲಿಗೇ ಹಾಕಿದರು. "ನಾಡಿ ಬರಾಬರ್ ಇದೆ ಬೇಟಾ, ಹೆದರಬೇಡ. ಖಾಲಿ ಹೊಟ್ಟೆಯಲ್ಲಿ ಇಷ್ಟು ಚಹಾ ಕುಡಿಯಬಾರದು."

೫. ನಿದ್ದೆಯ ಪರೀಕ್ಷೆ

ಕೊನೆಗೆ ಬಾಯಿಬಿಟ್ಟೇ ಬೆಲೆ ಮಾತಾಡಿ ತಂದ ಆ ಕಂಪ್ರೆಸರಿಗೆ ಬೆಂಕಿ ಆರಿಸುವ ಹಳೆಯ ಸಿಲಿಂಡರೊಂದನ್ನು ಗಾಳಿಯ ಡಬ್ಬಿಯಾಗಿ ಜೋಡಿಸಿ, ಒತ್ತಡದ ಮೀಟರು, ಸೇಫ್ಟಿ ವಾಲ್ವು ಎಲ್ಲ ಕೂಡಿಸಿದೆ. ಫಿಟ್ಟರ್ ಅಂದರೆ ಸುಮ್ಮನೇನಾ? ಅಮಾವಾಸ್ಯೆಗೆ ಇನ್ನು ನಾಲ್ಕು ದಿನ. ಕೆಳಗೆ ಹೋಗಿ ಕಾಕಾಗೆ ಹೇಳಿದೆ, "ಸಪ್ಪಳಿಲ್ಲದ ಮಷೀನು ಬಂದೈತ್ರಿ."

ಸರಕಾರಿ ನೌಕರಿ ಮಾಡಿ ಬಂದವರು, ಬಾಯಿಮಾತು ನಂಬುತ್ತಾರೆಯೇ? "ಪರೀಕ್ಷಾ ಆಗಲಿ," ಅಂದರು. "ಇವತ್ತು ಉಂಡು ನಾ ಮಲಗ್ತೀನಿ. ನೀ ಮ್ಯಾಲೆ ಮಷೀನು ಚಾಲೂ ಮಾಡು. ನನಗ ನಿದ್ದಿ ಬಂತಂದ್ರ ರೂಮು ನಿಂದು. ಬರಲಿಲ್ಲಂದ್ರ ಅಮಾಸಿಗೆ ಖಾಲಿ."

ಕಾಕು ಒಳಗಿನಿಂದ, "ಇವರಿಗೆ ನಿದ್ದಿ ಬರೋದೂ ಒಂದು ಪರೀಕ್ಷಾ ಏನೋ ತಮ್ಮಾ? ನಿಂತಲ್ಲೇ ಬರ್ತದ," ಅಂದರು. ನನಗೆ ಆನೆ ಬಲ ಬಂತು.

ಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೆ ಒಂದು ತಂಬಿಗೆ ಮಜ್ಜಿಗೆ. ಕಾಕಾ ಕಿಟಕಿ ತೆರೆದಿಟ್ಟು ಫ್ಯಾನಿನ ಕೆಳಗೆ ಅಡ್ಡಾದರು. ಒಳಗಿನ ಕೋಣೆಯಲ್ಲಿ ಕಾಕೂನೂ ಮಲಗಿದರು. ನಾನು ಹೊರಗಿನ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಿ, ಗುಂಡಿ ಒತ್ತಿದೆ.

ಮುಚ್ಚಿದ ಹೂವಿನೊಳಗೆ ಸಿಕ್ಕ ಜೇನುಹುಳದ ದನಿ. ಅಷ್ಟೇ. ಏರ್‌ಬ್ರಷ್ ಎತ್ತಿದೆ. ಬಣ್ಣ ಉಸಿರಿನ ಹಾಗೆ ಹೊರಟಿತು. ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಿತ್ತು. ಬಿಳಿಯ ಮಂಜು ಅದರಲ್ಲಿ ಸುಳಿದು, ತಡೆದು, ಎತ್ತಿನ ಡುಬ್ಬದ ಮೇಲೆ ಕೂತಿತು. ಎಲ್ಲಿ ಕೂತಿತು ಅಂತ ನನಗೇ ಕಾಣಲಿಲ್ಲ. ಬೂದು ಬಿಳುಪಾಗುತ್ತ, ಬಿಳುಪು ಬೂದಾಗುತ್ತ, ಎತ್ತು ಉಸಿರಾಡುತ್ತಿದೆ ಅನ್ನಿಸಿತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಎದ್ದು ಬಾಲ ಬೀಸುತ್ತಿತ್ತೋ ಏನೋ.

"ತಮ್ಮಾ! ಚಾಲೂ ಮಾಡಿಯೇನು?" ಕೆಳಗಿಂದ ಕಾಕಾ.

"ಮಾಡೀನ್ರೀ ಕಾಕಾ!"

ಮತ್ತೆ ಮಂಜು, ಮತ್ತೆ ಎತ್ತು.

"ಖರೇನ ಮಾಡಿಯೇನು?"

"ಖರೇನ್ರೀ!"

"ಮತ್ತ ಕೇಳಸವಲ್ದಲ್ಲೋ!"

"ಕೇಳಸಬಾರದಂತನ ತಂದೀನ್ರೀ!"

"ಕೇಳಸಲಿಲ್ಲಂದ್ರ ನಡದದೋ ಇಲ್ಲೋ ನನಗ ಹ್ಯಾಂಗ ತಿಳೀಬೇಕು? ಮಷೀನು ಬಂದ್ ಮಾಡಿ ಕೂತು ನನಗ ಮೋಸ ಮಾಡ್ಲಿಕತ್ತೀ ನೀ!"

ಮೋಸ! ಆ ಮಾತು ನನ್ನಿಂದ ತಡೆಯಲಾಗಲಿಲ್ಲ. ಏರ್‌ಬ್ರಷ್ ಕೆಳಗಿಟ್ಟು ಮಾಳಿಗೆಯ ಕಟ್ಟೆಗೆ ಬಂದು ಬಗ್ಗಿ ಕೂಗಿದೆ: "ಕಾಕಾ, ನಮ್ಮ ವಂಶದಾಗ ಮೋಸ ಮಾಡಿದ ಮನಷಾ ಹುಟ್ಟಿಲ್ಲ! ನಮ್ಮ ಮುತ್ಯಾ ಕುಸ್ತಿಯಾಗ ಸುದ್ದಾ..."

"ನಿಮ್ಮ ಮುತ್ಯಾನ ಸುದ್ದಿ ಬಿಡು! ಒಮ್ಮೆ ಬಂದ್ ಮಾಡು, ಒಮ್ಮೆ ಚಾಲೂ ಮಾಡು. ಫರಕು ನೋಡ್ತೀನಿ!"

ಒಳಗೆ ಓಡಿದೆ. "ಬಂದ್ ಮಾಡೀನ್ರೀ!"

"ಹೂಂ! ಈಗ?"

"ಚಾಲೂ ಮಾಡೀನ್ರೀ!"

"ಫರಕೇ ಇಲ್ಲಲ್ಲೋ! ಈಗ?"

"ಈಗ ಬಂದ್ರೀ!"

"ಈಗ?"

"ಈಗ ಚಾಲೂರೀ!"

ಬೀದಿಯ ನಾಯಿಗಳೆಲ್ಲ ಎದ್ದು ಬೊಗಳತೊಡಗಿದವು. ಎದುರು ಮನೆಯ ತೆಲುಗು ಮಾಸ್ತರರು ಬನಿಯನ್ನಿನಲ್ಲೇ ಹೊರಬಂದು, "ಏಮಯಿಂದಂಡಿ, ಏನಾಯಿತು? ಕಳ್ಳ ಸಿಕ್ಕಿದನಾ?" ಅಂತ ಕೇಳಿದರು. ನಾನು ಮೇಲಿಂದ "ಚಾಲೂ!", ಕಾಕಾ ಕೆಳಗಿಂದ "ಇಲ್ಲ!" ಅನ್ನುತ್ತಿ‌ರುವಾಗ ಒಳಗಿನ ಕೋಣೆಯ ಬಾಗಿಲು ತೆರೆಯಿತು. ಬಿಚ್ಚಿದ ತುರುಬು ಕಟ್ಟಿಕೊಳ್ಳುತ್ತ ಕಾಕು ಮೆಟ್ಟಿಲ ಬುಡಕ್ಕೆ ಬಂದು ನಿಂತರು. ನಾಯಿಗಳು ಸುದ್ದಾ ಸುಮ್ಮನಾದವು.

"ಮಷೀನು ಇರಲಿ," ಅಂದರು ಕಾಕು. "ಪಾಪ, ಅದರ ದನಿ ನಾ ಒಮ್ಮೆನೂ ಕೇಳಿಲ್ಲ. ನೀವಿಬ್ಬರೂ ಖಾಲಿ ಮಾಡ್ರಿ."

ಬಾಗಿಲು ಮುಚ್ಚಿತು. ಕಾಕಾ ಮತ್ತು ನಾನು ಗೇಟಿನ ಹೊರಗೆ, ಗುಲ್‌ಮೊಹರಿನ ನೆರಳಿನಲ್ಲಿ ಕಲ್ಲಿನ ಮೇಲೆ ಕೂತೆವು. ಕಾಕಾರ ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಕೆಂಪು ಹೂವೊಂದು ಅವರ ಬೋಳು ತಲೆಯ ಮೇಲೆ ಬಿದ್ದು ಅಲ್ಲೇ ಕೂತಿತು. ಅದನ್ನು ಹಾಗೇ ಬಿಟ್ಟು ಪಿಸುಮಾತಿನಲ್ಲಿ ಕೇಳಿದರು:

"ಈಗರೆ ಖರೆ ಹೇಳು. ಬರೂಮುಂದ ಬಂದ್ ಮಾಡಿ ಬಂದ್ಯೋ, ಇಲ್ಲೋ?"

ಆಗ ನನಗೆ ನೆನಪಾಯಿತು. "ಇಲ್ರೀ ಕಾಕಾ. ಈಗೂ ನಡದೈತಿ."

ಕಾಕಾ ಮನೆಯ ಕಡೆ ಕಿವಿಗೊಟ್ಟರು. ಎಲೆ ಅಲುಗುವುದೂ ಕೇಳುತ್ತಿತ್ತು, ಮಷೀನೊಂದು ಬಿಟ್ಟು. ಒಳಗೆ ಕಾಕು ಆಗಲೇ ಗೊರಕೆ ಹೊಡೆಯುತ್ತಿದ್ದರು.

"ಹಂಗಾದ್ರ ರೂಮು ನಿಂದ ಆತು ಬಿಡು," ಅಂದರು ಕಾಕಾ, ನಿಟ್ಟುಸಿರು ಬಿಟ್ಟು. ಮತ್ತೆ ಮುಚ್ಚಿದ ಬಾಗಿಲನ್ನು ನೋಡಿದರು. "ಆದ್ರ ತಮ್ಮಾ, ನಾ ಎಲ್ಲಿ ಮಲಗಲೋ? ನಿನ್ನ ರೂಮಿನ್ಯಾಗ ಒಂದು ಚಾಪಿ ಹಾಸೋವಷ್ಟು ಜಾಗಾ ಆದೀತೇನು?"

"ಬರ್ರಿ ಕಾಕಾ, ಜಾಗಾ ಐತಿ," ಅಂದೆ. "ಆದ್ರ ಮೊದಲ ಹೇಳ್ತೀನಿ, ಮಧ್ಯಾಹ್ನ ಸಪ್ಪಳ ಮಾಡಂಗಿಲ್ಲ."